ಪೆನಾರೆಲಾದಲ್ಲಿ ಚೀಲಗಳ ಸಾಲು

ಕೆಲವರಿಗೆ ಮೀಸೆಯ ಹೆಮ್ಮೆ, ಕೆಲವರಿಗೆ ಅಳಿಯನ ಹೆಮ್ಮೆ. ಸಾತುರ್ನಿನೊನಿಗೆ ಇದ್ದದ್ದು ಸಾಲಿನ ಹೆಮ್ಮೆ. ಬುರ್ಗೋಸ್ ಪಕ್ಕದ ಒಂದು ಊರಿನ ಬಸ್ ನಿಲ್ದಾಣದಲ್ಲಿ ಮೂವತ್ನಾಲ್ಕು ವರ್ಷ ಟಿಕೆಟ್ ಕಿಟಕಿಯ ಹಿಂದೆ ಕೂತು ನಿವೃತ್ತನಾದವನು ಅವನು. ಕಿಟಕಿಯ ಆಚೆ ನಿಂತವರನ್ನು ಜನ ಎಂದು ಅವನು ಯಾವತ್ತೂ ನೋಡಿದವನಲ್ಲ, ಸಾಲು ಎಂದೇ ನೋಡಿದವನು. ನೇರ ಸಾಲು, ಸೊಟ್ಟ ಸಾಲು, ಮುದುಕಿಯೊಬ್ಬಳನ್ನು ಮುಂದೆ ಬಿಟ್ಟು ಅವಳ ಹಿಂದೆ ಆರು ಜನ ತೂರಿಕೊಳ್ಳುವ ಸಾಲು, ಎಲ್ಲವೂ ಅವನಿಗೆ ಗೊತ್ತು. ಆದ್ದರಿಂದ ಹೆಂಡತಿ ಕಸಿಲ್ದಾ, ತಂಗಿಯ ಕಣ್ಣಿನ ಆಪರೇಷನ್ ಸರಿಹೋದದ್ದಕ್ಕೆ ಸಾಂತಿಯಾಗೊ ಪುಣ್ಯಕ್ಷೇತ್ರದವರೆಗೂ ನಡೆಯುತ್ತೇನೆ ಎಂದು ಹರಕೆ ಹೊತ್ತಾಗ, ಸಾತುರ್ನಿನೊ ಎದೆಯ ಮೇಲೆ ಕೈಯಿಟ್ಟು ಹೇಳಿದ:

"ದಾರೀಲಿ ಛತ್ರದ ಸಾಲಲ್ಲಿ ಹಾಸಿಗೆ ಗಿಟ್ಟಿಸೋ ವಿಷಯ ನನಗೆ ಬಿಡು. ಮೂವತ್ನಾಲ್ಕು ವರ್ಷ ಸಾಲು ನಡೆಸಿದೀನಿ."

"ನಡೆಸಿದ್ದು ಸರಿ ಸಾತುರ್. ಯಾವತ್ತಾದ್ರೂ ಒಂದರಲ್ಲಿ ನಿಂತಿದೀಯಾ?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಸಿಗಲು ನಾನೂರು ಕಿಲೋಮೀಟರು ಬೇಕಾಯಿತು.

ಮೊದಮೊದಲು ದಾರಿ ಸಲೀಸಾಗಿಯೇ ಇತ್ತು. ಆದರೆ ಸಾರಿಯಾ ಊರು ಬಂದ ಕೂಡಲೇ ಲೋಕವೇ ಬದಲಾಗುತ್ತದೆ. ಕೊನೆಯ ನೂರು ಕಿಲೋಮೀಟರು ನಡೆದರೂ ಸಾಂತಿಯಾಗೊದಲ್ಲಿ ಪ್ರಮಾಣಪತ್ರ ಕೊಡುತ್ತಾರಾದ್ದರಿಂದ ಅರ್ಧ ದೇಶ ಅಲ್ಲಿಂದಲೇ ನಡೆಯಲು ಶುರುಮಾಡುತ್ತದೆ. ಅದೂ ಆಗಸ್ಟ್ ತಿಂಗಳು. ಇಸ್ತ್ರಿ ಮಾಡಿದ ಪ್ಯಾಂಟಿನವರು, ಹಾಡು ಹೇಳಿಕೊಂಡು ಬರುವವರು, ನಾಯಿ ಕರೆತಂದವರು, ನಾಯಿಗೂ ಹಾಸಿಗೆ ಕೇಳುವವರು.

ಸಾರಿಯಾದಲ್ಲಿ ಸಾತುರ್ನಿನೊ ಹಾಸಿಗೆಗೆಂದು ಎರಡು ಗಂಟೆ ಕಾಲ ಅತ್ಯಂತ ಶಿಸ್ತಿನಿಂದ ಒಂದು ಸಾಲಿನಲ್ಲಿ ನಿಂತ. ಇಬ್ಬರು ಹುಡುಗರು ಮಧ್ಯೆ ನುಗ್ಗಿದ್ದನ್ನು ಹಿಡಿದು ಹಿಂದಕ್ಕೂ ಕಳಿಸಿದ. ಕಿಟಕಿ ಮುಟ್ಟಿದಾಗ ತಿಳಿಯಿತು, ಅದು ಊರಿನ ಈಜುಕೊಳದ ಟಿಕೆಟ್ ಸಾಲು.

"ಮುಂದಿದ್ದವರೆಲ್ಲ ತಲೆಗೆ ರಬ್ಬರ್ ಟೋಪಿ ಹಾಕಿದ್ರಲ್ಲ, ಅದೂ ಕಾಣಲಿಲ್ವಾ?" ಎಂದಳು ಕಸಿಲ್ದಾ.

"ಮಳೆಗೆ ಹಾಕಿದಾರೆ ಅಂದ್ಕೊಂಡೆ."

ಆವತ್ತು ಶಾಲೆಯೊಂದರ ಆಟದ ಹಜಾರದಲ್ಲಿ ರಬ್ಬರ್ ಚಾಪೆಯ ಮೇಲೆ ಮಲಗಿದರು. ಮಾರನೆಯ ದಿನ ರೈತನೊಬ್ಬನ ಹುಲ್ಲಿನ ಕೊಟ್ಟಿಗೆ ಸಿಕ್ಕಿತು. ಅಲ್ಲಿ ಮೊದಲೇ ಇದ್ದ ಹಸು ಕಸಿಲ್ದಾಳ ಕೂದಲನ್ನು ಎರಡು ಸಲ ರುಚಿ ನೋಡಿತು. ಮೂರನೆಯ ಬೆಳಿಗ್ಗೆ ಅವಳು ಎದ್ದು ಕೂತು, ಬೂಟಿನೊಳಗೆ ಕಾಲು ತೂರಿಸುವಾಗ ಹಲ್ಲು ಕಚ್ಚಿ, ಬಹಳ ಮೆತ್ತಗೆ ಹೇಳಿದಳು. ಅವಳು ಮೆತ್ತಗೆ ಹೇಳಿದ ಮಾತನ್ನು ಮೂವತ್ತು ವರ್ಷಗಳಲ್ಲಿ ಯಾರೂ ತಿರುಗಿಸಿದ್ದಿಲ್ಲ.

"ಇವತ್ತು ಹಾಸಿಗೆ. ಹುಲ್ಲಲ್ಲ, ರಬ್ಬರಲ್ಲ. ನಾಲ್ಕು ಕಾಲಿನ ಮಂಚದ ಮೇಲೆ ಇರೋ ಹಾಸಿಗೆ. ಇಲ್ಲದಿದ್ರೆ ಇವತ್ತೇ ಬಸ್ಸು ಹತ್ತಿ ಊರಿಗೆ ಹೋಗ್ತೀನಿ."

"ಇನ್ನು ನಾಲ್ಕೇ ದಿನದ ದಾರಿ ಕಸಿಲ್ದಾ. ಹರಕೆ?"

"ಹರಕೆ ಹೊತ್ತಿದ್ದು ನಾನು. ದೇವರ ಹತ್ರ ನಾನೇ ಮಾತಾಡ್ಕೋತೀನಿ."

ಸಾತುರ್ನಿನೊ ಎರಡೂ ಬೆನ್ನುಚೀಲಗಳನ್ನು, ಒಂದನ್ನು ಹಿಂದೆ ಒಂದನ್ನು ಮುಂದೆ, ಮೈಗೆ ಕಟ್ಟಿಕೊಂಡು ಗರ್ಭಿಣಿ ಒಂಟೆಯಂತೆ ಮುಂದೆ ಓಡಿದ. ಹತ್ತು ಗಂಟೆಗೆಲ್ಲ ಪೆನಾರೆಲಾ ತಲುಪಿದ.

ಪೆನಾರೆಲಾದಲ್ಲಿ ಇರುವುದು ಒಂದು ಚರ್ಚು, ಒಂದು ಹೋಟೆಲು, ಯಾತ್ರಿಕರಿಗಾಗಿ ಪಂಚಾಯ್ತಿಯವರ ಒಂದು ಛತ್ರ. ಛತ್ರದಲ್ಲಿ ಇಪ್ಪತ್ನಾಲ್ಕು ಹಾಸಿಗೆ. ಮುಂಗಡ ಕಾದಿರಿಸುವುದು ಇಲ್ಲ, ಫೋನಿಲ್ಲ, ಶಿಫಾರಸಿಲ್ಲ. ಮಧ್ಯಾಹ್ನ ಒಂದಕ್ಕೆ ಬಾಗಿಲು ತೆಗೆಯುತ್ತಾರೆ, ಮೊದಲು ಬಂದವರಿಗೆ ಮೊದಲು. ಒಂದು ಗಂಟೆಯವರೆಗೆ ಗೋಡೆಯುದ್ದಕ್ಕೂ ಸಾಲಿನಲ್ಲಿ ನಿಲ್ಲುವುದು ಮನುಷ್ಯರಲ್ಲ, ಚೀಲಗಳು. ಚೀಲ ಇಟ್ಟವನು ಎದುರಿನ ಸೆಲ್ಸೊನ ಹೋಟೆಲಿಗೆ ಹೋಗಿ ಆಲೂಗಡ್ಡೆ ಆಮ್ಲೆಟ್ ತಿನ್ನಬಹುದು, ಮೇಜಿಗೆ ತಲೆಯಿಟ್ಟು ನಿದ್ದೆ ಮಾಡಬಹುದು, ಬೇಕಾದರೆ ಪ್ರಾಣವನ್ನೂ ಬಿಡಬಹುದು. ಅವನ ಜಾಗ ಅವನದೇ. ಇನ್ನೊಬ್ಬರ ಚೀಲವನ್ನು ಒಂದು ಅಂಗುಲ ಸರಿಸಿದವನನ್ನು ಆ ದಾರಿಯಲ್ಲಿ ಯಾರೂ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಸಾತುರ್ನಿನೊನ ಚೀಲಗಳು ಆರನೆಯದು ಮತ್ತು ಏಳನೆಯದು. ಅವನು ಮೂರು ಸಲ ಎಣಿಸಿದ, ಮೂರು ಸಲವೂ ಆರು ಏಳೇ ಬಂತು. ಕಣ್ಣಲ್ಲಿ ನೀರಾಡಿತು. ಹನ್ನೆರಡರ ಹೊತ್ತಿಗೆ ಗೋಡೆಗೆ ಮೂವತ್ನಾಲ್ಕು ಚೀಲಗಳು ಒರಗಿದ್ದವು, ಚೀಲಗಳ ಒಡೆಯರೆಲ್ಲ ಹೋಟೆಲಿನ ಒಳಗಿದ್ದರು. ಅವನೊಬ್ಬ ಮಾತ್ರ ಹೊರಗೆ, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಸಾಲಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಿದ್ದ. ಎಂಥ ಸಾಲು. ನುಗ್ಗುವುದಿಲ್ಲ, ಗೊಣಗುವುದಿಲ್ಲ, ಚಿಲ್ಲರೆ ಕೇಳುವುದಿಲ್ಲ. ಮೂವತ್ನಾಲ್ಕು ವರ್ಷ ಅವನು ಕನಸು ಕಂಡ ಸಾಲು ಅದು.

ಆಗ ಮಳೆ ಬಂತು.

ಗಲೀಸಿಯಾ ಸೀಮೆಯ ಮಳೆ ಮುನ್ಸೂಚನೆ ಕೊಟ್ಟು ಬರುವ ಪೈಕಿ ಅಲ್ಲ, ಸುಮ್ಮನೆ ಮೇಲಿಂದ ಸುರಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹೋಟೆಲಿನೊಳಕ್ಕೆ ಓಡಿ ಒಂದು ಕಾಫಿ ಹೇಳುತ್ತಿದ್ದರು. ಆದರೆ ಸಾತುರ್ನಿನೊನ ಕಣ್ಣೆದುರಿಗೆ ಅವನ ಸಾಲು ನೆನೆಯುತ್ತಿತ್ತು. ಅಂಗಳದ ಆಚೆ ಚರ್ಚಿನ ಬಾಗಿಲ ಮುಂದೆ ಚಾಚಿದ ಮುಂಜೂರಿನ ಕೆಳಗೆ ಒಣಗಿತ್ತು. ಅವನು ಒಂದು ಕೈಗೊಂದರಂತೆ ಎರಡೆರಡು ಚೀಲ ಹೊತ್ತು ಹದಿನೇಳು ಸಲ ಅಂಗಳ ದಾಟಿದ. ಮುಂಜೂರು ಸಣ್ಣದು, ಅಲ್ಲಿ ಸಾಲು ಹಿಡಿಸುವುದಿಲ್ಲ. ಆದ್ದರಿಂದ ಬಸ್ಸಿನ ಡಿಕ್ಕಿಯಲ್ಲಿ ಸಾಮಾನು ಜೋಡಿಸುವ ಹಾಗೆ ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ಮೆತ್ತಗಿನದು ಸಂದಿಯಲ್ಲಿ ಇಟ್ಟು ಒಂದು ಸುಂದರವಾದ ಗುಡ್ಡೆ ಕಟ್ಟಿದ. ಕೈ ಒರೆಸಿಕೊಂಡು, ತಲೆ ಓರೆ ಮಾಡಿ, ಅದನ್ನು ಮೆಚ್ಚಿಕೊಂಡ. ಮೆಚ್ಚಿಕೊಂಡು ತಿರುಗಿದವನಿಗೆ ಎದುರಿನ ಖಾಲಿ ಗೋಡೆ ಕಂಡಿತು.

ಸಾಲು ಇರಲಿಲ್ಲ. ಚೀಲಗಳೆಲ್ಲ ಇದ್ದವು, ಒಂದೂ ಕಮ್ಮಿಯಿರಲಿಲ್ಲ. ಸಾಲು ಮಾತ್ರ ಇರಲಿಲ್ಲ.

ಮೊದಲು ಹೊರಬಂದವನು ಎತ್ತರದ ಒಬ್ಬ ಜರ್ಮನಿಯವನು, ಬಾಯಲ್ಲಿ ಬ್ರೆಡ್ಡು. ಗೋಡೆ ನೋಡಿದ, ತನ್ನ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿದ. ಆ ಭಾಷೆ ಯಾರಿಗೂ ಬರುತ್ತಿರಲಿಲ್ಲ, ಆದರೂ ಇಡೀ ಹೋಟೆಲು ಎದ್ದು ಹೊರಬಂತು.

"ಮಳೆ ಬಂತಲ್ಲ," ಎಂದ ಸಾತುರ್ನಿನೊ ಗುಡ್ಡೆಯ ಪಕ್ಕದಲ್ಲಿ ನಿಂತು. "ನೆನೀಬಾರ್ದು ಅಂತ."

ಮುರ್ಸಿಯಾದಿಂದ ಬಂದ ಓರಗಿತ್ತಿಯರು ನಾಲ್ವರಿದ್ದರು. ಅವರ ಮುಖಂಡಳ ಹೆಸರು ಫುಯೆನ್ಸಾಂತಾ. ಅವಳು ಗುಡ್ಡೆಯನ್ನು ಒಂದು ಸುತ್ತು ಬಂದಳು. "ಅಣ್ಣಾ, ನಮ್ಮ ಚೀಲಗಳಿಗೆ ಅವುಗಳದ್ದೇ ರೈನ್‌ಕೋಟ್ ಇದೆ. ಮೇಲೆ ಹೊದಿಸಿದ್ವಲ್ಲ, ಅದನ್ನ ಏನು ಅಂದ್ಕೊಂಡ್ರಿ, ಲಂಗ ಅಂತಾನಾ?"

"ನಮ್ಮದು ಎರಡನೇದು," ಎಂದಳು ಅವಳ ಓರಗಿತ್ತಿ.

"ಎರಡನೇದು ನಂದು," ಎಂದಿತು ಹಿಂದಿನಿಂದ ಒಂದು ದನಿ.

ಅಲ್ಲಿಂದ ಶುರುವಾಯಿತು. ಐದೇ ನಿಮಿಷದಲ್ಲಿ ಮೊದಲನೆಯ ಚೀಲದ ಒಡೆಯರು ಹನ್ನೊಂದು ಜನರಾದರು. ತಮ್ಮ ಹಿಂದೆ ಯಾರಿದ್ದರು ಎನ್ನುವುದು ಎಲ್ಲರಿಗೂ ನೆನಪಿತ್ತು. ತಮ್ಮ ಮುಂದೆ ಯಾರಿದ್ದರು ಎನ್ನುವುದು ಒಬ್ಬರಿಗೂ ನೆನಪಿರಲಿಲ್ಲ.

ದೋನ್ ಅಮಾನ್ಸಿಯೊ ಎಂಬ ನಿವೃತ್ತ ಕೋರ್ಟ್ ಶಿರಸ್ತೇದಾರರು ಬೆಳ್ಳಿ ಹಿಡಿಯ ಊರುಗೋಲು ಎತ್ತಿ, ಇದು ಕಾನೂನಿನ ವಿಷಯ ಎಂದರು. ಅದೇ ಹೊತ್ತಿಗೆ ಮೋಟಾರು ಬೈಕಿನಲ್ಲಿ ಹೋಗುತ್ತಿದ್ದ ಪೊಲೀಸಿನವನನ್ನು ಕೋಲು ಅಡ್ಡ ಹಿಡಿದು ನಿಲ್ಲಿಸಿಯೂ ಬಿಟ್ಟರು.

"ಕಳ್ಳತನವಾ ಸ್ವಾಮಿ?" ಎಂದ ಅವನು, ಹೆಲ್ಮೆಟ್ಟಿನಿಂದ ನೀರು ಸುರಿಸುತ್ತ.

"ಅಲ್ಲ. ಚೀಲಗಳೆಲ್ಲ ಇವೆ."

"ಮತ್ತೇನು ಹೋಗಿದೆ?"

"ಕ್ರಮ. ಯಾವುದರ ಮುಂದೆ ಯಾವುದು ಅನ್ನೋದು ಹೋಗಿದೆ."

ಪೊಲೀಸಿನವನು ಜೇಬಿನ ಪುಸ್ತಕ ತೆಗೆದು ಕೊನೆಯ ಹಾಳೆಯವರೆಗೂ ತಿರುವಿದ. "ಅದಕ್ಕೆ ನಮ್ಮಲ್ಲಿ ಫಾರಂ ಇಲ್ಲ," ಎಂದು ಬೈಕು ಹತ್ತಿ ಹೋದ.

ಇಷ್ಟಕ್ಕೇ ಸಾತುರ್ನಿನೊ ಕ್ಷಮೆ ಕೇಳಿ ಸುಮ್ಮನಾಗಿದ್ದರೆ ಬೈಗುಳ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಫುಯೆನ್ಸಾಂತಾ, "ಸಾಲು ಅಂದ್ರೆ ಏನು ಅಂತಾನೇ ಗೊತ್ತಿಲ್ಲದ ಮನುಷ್ಯ ಇವನು," ಎಂದುಬಿಟ್ಟಳು. ಅವನ ಕಿವಿ ಕೆಂಪಗಾಯಿತು.

"ಅಮ್ಮಾ, ನಾನು ಮೂವತ್ನಾಲ್ಕು ವರ್ಷ ಟಿಕೆಟ್ ಕಿಟಕೀಲಿ ಕೂತವನು. ಒಂದು ಸಲ ನೋಡಿದ ಸಾಲು ನನ್ನ ತಲೇಲಿ ಅಚ್ಚು ಹೊಡೆದ ಹಾಗೆ ಇರುತ್ತೆ. ಎಲ್ಲಾ ವಾಪಸ್ ಹಾಗೇ ಜೋಡಿಸ್ತೀನಿ, ದೂರ ನಿಲ್ಲಿ."

ಮಳೆ ನಿಂತಿತ್ತು. ಅವನು ಕೆಂಪು ಚೀಲವೊಂದನ್ನು ಗೋಡೆಗೆ ಒರಗಿಸಿ, "ಒಂದು," ಎಂದ. ಜನ ಒಂದು ಹೆಜ್ಜೆ ಹತ್ತಿರ ಬಂದರು. ಹಸಿರಿನದನ್ನು ಇಟ್ಟು, "ಎರಡು." ನೀಲಿ ಪಟ್ಟೆಯದನ್ನು ಇಟ್ಟು, "ಮೂರು." ಹೀಗೆ ಒಂಬತ್ತರವರೆಗೆ ಬಂದವನು ಎಂಟನೆಯದನ್ನು ನೋಡಿ ನಿಂತ, ತಲೆ ಕೆರೆದುಕೊಂಡ, ಅದನ್ನು ಮೂರಕ್ಕೆ ತಂದ, ಮೂರನ್ನು ಹದಿನಾಲ್ಕಕ್ಕೆ ಒಯ್ದ. ಹದಿನಾಲ್ಕು ಇನ್ನೂ ಇರಲೇ ಇಲ್ಲವಾದ್ದರಿಂದ ಅಂಗಳದ ಮಧ್ಯೆ ಇಟ್ಟ. ಯಾರನ್ನು ಹಿಂದಕ್ಕೆ ಹಾಕಿದನೋ ಅವರು ಕಿರುಚಿದರು, ಯಾರನ್ನು ಮುಂದಕ್ಕೆ ತಂದನೋ ಅವರು ಅವನ ಜ್ಞಾಪಕಶಕ್ತಿಯನ್ನು ಹೊಗಳಿದರು. ಒಬ್ಬಾಕೆ ಅವನ ಜೇಬಿಗೆ ಚಾಕಲೇಟು ಹಾಕಿದಳು. ಆಗಷ್ಟೇ ಊರಿಗೆ ಬಂದ ಹದಿನೈದು ಹೊಸ ಯಾತ್ರಿಕರು, ಇಲ್ಲಿ ಜಾಗ ಹಂಚುತ್ತಿದ್ದಾರೆಂದು ತಿಳಿದು ತಮ್ಮ ಚೀಲಗಳನ್ನೂ ಮೆಲ್ಲಗೆ ಗುಡ್ಡೆಗೆ ಸೇರಿಸಿದರು. ಚೀಲ ತೆಗೆದಷ್ಟೂ ಗುಡ್ಡೆ ಬೆಳೆಯುತ್ತಿತ್ತು.

ಈ ನಡುವೆ ಕಸಿಲ್ದಾ ಬಂದಳು. ಕುಂಟುತ್ತ, ಎರಡೂ ಕೈಯಲ್ಲಿ ಕೋಲು ಊರಿಕೊಂಡು, ಜನರ ಸಂದಿಯಿಂದ ತೂರಿ ಬಂದು ಗಂಡನ ಎದುರು ನಿಂತಳು.

"ನಮ್ಮದು ಎಷ್ಟನೇದು?"

"ಆರು ಮತ್ತು ಏಳು," ಎಂದ ಸಾತುರ್ನಿನೊ. ಆಮೇಲೆ ನೆಲ ನೋಡಿಕೊಂಡು, "ಆಗಿತ್ತು," ಎಂದು ಸೇರಿಸಿದ.

ಕಸಿಲ್ದಾ ಬೈಯಲಿಲ್ಲ. ಗುಡ್ಡೆ ನೋಡಿದಳು, ಗೋಡೆಯ ಅರೆಬರೆ ಸಾಲು ನೋಡಿದಳು, ಗಂಡನ ಜೇಬಿನಿಂದ ಇಣುಕುತ್ತಿದ್ದ ಚಾಕಲೇಟನ್ನೂ ನೋಡಿದಳು. ಹೋಟೆಲಿನ ಬಾಗಿಲಿಗೆ ಹೋಗಿ ಸೆಲ್ಸೊನನ್ನು ಕೇಳಿದಳು: "ಲೂಗೊ ಬಸ್ಸು ಎಷ್ಟೊತ್ತಿಗಪ್ಪಾ?"

"ನಾಲ್ಕೂ ಹತ್ತಕ್ಕೆ ಅಕ್ಕಾ. ನಾನು ಕೈ ಅಡ್ಡ ಹಿಡಿದ್ರೆ ನಿಲ್ಲಿಸ್ತಾನೆ."

"ಹಿಡಿ ಹಾಗಾದ್ರೆ," ಎಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು.

ಸಾತುರ್ನಿನೊನಿಗೆ ಅದು ಕೇಳಿಸಿತು. ಕೈಯಲ್ಲಿದ್ದ ಚೀಲ ಜಾರಿ ಜರ್ಮನಿಯವನ ಕಾಲ ಮೇಲೆ ಬಿತ್ತು.

ಸರಿಯಾಗಿ ಒಂದು ಗಂಟೆಗೆ, ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಒಬ್ದುಲಿಯಾ ಬೀಗದ ಕೈ ಹಿಡಿದು ಬಂದಳು. ಛತ್ರ ನೋಡಿಕೊಳ್ಳುವವಳು ಅವಳೇ. ಅದಕ್ಕೂ ಮೊದಲು ಸುತ್ತಲಿನ ಒಂಬತ್ತು ಹಳ್ಳಿಗಳಿಗೆ ಸೂಲಗಿತ್ತಿಯಾಗಿದ್ದವಳು. ಕಿರುಚುವ ಜನ ಅವಳಿಗೆ ಹೊಸದಲ್ಲ. ಎಲ್ಲರೂ ಒಟ್ಟಿಗೆ ಹೇಳಿದ್ದನ್ನು ಕೇಳಿಸಿಕೊಂಡಳು. ಅಮಾನ್ಸಿಯೊ ಅವರು ಹಕ್ಕು, ಸ್ವಾಧೀನ, ಮೇಲ್ಮನವಿ ಎಂದದ್ದನ್ನೂ ಕೇಳಿಸಿಕೊಂಡಳು. ಆಮೇಲೆ ಬಾಗಿಲ ಮುಂದೆ ಒಂದು ಸ್ಟೂಲು ಹಾಕಿಸಿ, ಕೂತು, ಕನ್ನಡಕ ಏರಿಸಿದಳು.

"ನನ್ನ ಹಾಸಿಗೆ ಮೇಲೆ ಚೀಲ ಮಲಗಲ್ಲ. ಅದರ ಜಾತಕ ನನಗೆ ಬೇಡ. ಎಲ್ಲಾರೂ ಬೂಟು ಬಿಚ್ಚಿ. ಕಾಲು ನೋಡ್ತೀನಿ. ಯಾವ ಕಾಲು ಮುಂದಕ್ಕೆ ಹೋಗಲ್ವೋ ಅದಕ್ಕೆ ಹಾಸಿಗೆ. ಹೋಗೋ ಕಾಲಿಗೆ ಮುಂದಿನೂರು ಏಳು ಕಿಲೋಮೀಟರು, ಅಲ್ಲಿ ಬೇಕಾದಷ್ಟು ಜಾಗ ಇದೆ."

ಅಂಗಳದ ತುಂಬ ಜನ ಕೂತು ಬೂಟು ಬಿಚ್ಚಿದರು. ಚರ್ಚಿನ ಮುಂಜೂರಿನಲ್ಲಿದ್ದ ಪಾರಿವಾಳಗಳು ಎದ್ದು ಹೋದವು.

ಒಬ್ದುಲಿಯಾ ಒಂದೊಂದೇ ಕಾಲನ್ನು ಹಿಮ್ಮಡಿ ಹಿಡಿದು ಎತ್ತಿ, ಬೆಳಕಿಗೆ ತಿರುಗಿಸಿ, ತೀರ್ಪು ಕೊಡುತ್ತ ಹೋದಳು. "ಇದು ನಡೆಯುತ್ತೆ." "ಇದು ನಡೆಯಲ್ಲ, ಒಳಗೆ." "ಇದು ತೊಳೆದ್ರೆ ನಡೆಯುತ್ತೆ." ಜರ್ಮನಿಯವನ ಉಗುರು ಕಪ್ಪಾಗಿತ್ತು, ಒಳಗೆ ಹೋದ. ಓರಗಿತ್ತಿಯರ ಇಪ್ಪತ್ತು ಬೆರಳು ಬಣ್ಣ ಹಚ್ಚಿದ ಹಾಗೇ ಹೊಳೆಯುತ್ತಿದ್ದವು, ಉಳಿದವು ಗುಳ್ಳೆಯಿಂದ ಊದಿದ್ದವು. ಇಬ್ಬರಿಗೆ ಸಿಕ್ಕಿತು, ಇಬ್ಬರಿಗಿಲ್ಲ. ಅಮಾನ್ಸಿಯೊ ಅವರು ಬೂಟು ಬಿಚ್ಚಲು ಒಪ್ಪಲಿಲ್ಲ. ಒಬ್ದುಲಿಯಾ ಬೂಟನ್ನೇ ಎತ್ತಿ ನೋಡಿದಳು. ಅಟ್ಟೆಯ ಮೇಲೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು.

"ಟ್ಯಾಕ್ಸಿಯವನು ದಾರೀಲಿ ಎಲ್ಲಾದ್ರೂ ಇಳಿಸಿದ್ನಾ ಸ್ವಾಮಿ," ಎಂದಳು, "ಅಥವಾ ನೇರ ಇಲ್ಲೇ?"

ಹೋಟೆಲಿನ ಬಾಗಿಲಿಂದ ಸೆಲ್ಸೊ ಕಸಿಲ್ದಾಳನ್ನು ಬಲವಂತವಾಗಿ ಎಬ್ಬಿಸಿ ಕರೆತಂದ. ಅವಳ ಕಾಲ್ಚೀಲ ತೆಗೆದಾಗ ಪಕ್ಕದಲ್ಲಿದ್ದವರು ಮುಖ ತಿರುಗಿಸಿದರು. ಒಬ್ದುಲಿಯಾ ಮಾತ್ರ ತಿರುಗಿಸಲಿಲ್ಲ. ತನ್ನ ಏಪ್ರನ್ ಬಿಚ್ಚಿ ಆ ಕಾಲ ಕೆಳಗೆ ಹಾಸಿ, "ಒಂದನೇ ನಂಬರು. ಕಿಟಕಿ ಪಕ್ಕ, ಕೆಳಗಿನ ಮಂಚ," ಎಂದಳು. "ಎಷ್ಟು ದಿನದಿಂದ ಹೀಗೆ ನಡೀತಿದೀಯಮ್ಮಾ?"

"ಹತ್ತು ದಿನ."

"ಜೊತೇಲಿ ಯಾರೂ ಇಲ್ವಾ?"

"ಇದಾನೆ," ಎಂದು ಕಸಿಲ್ದಾ ಗಲ್ಲದಿಂದ ತೋರಿಸಿದಳು. "ಹಾಸಿಗೆ ಸಿಕ್ಕಿದ್ದು ನಿಮ್ಮ ದಯೆ ದೋನ್ಯಾ. ಆದ್ರೆ ನಾನು ಬಸ್ಸಿಗೇ ಹೋಗ್ತೀನಿ. ಈ ಕಾಲಲ್ಲಿ ಇನ್ನು ನಾಲ್ಕು ದಿನ ಆಗಲ್ಲ. ಇಷ್ಟು ದಿನ ನಾನು ಏನು ಮಾಡಿದೆ, ಯಾರಿಗೋಸ್ಕರ ಮಾಡಿದೆ, ಯಾರಿಗೆ ಗೊತ್ತು. ಸಾಕು."

ಎಲ್ಲರ ಕಣ್ಣೂ ಸಾತುರ್ನಿನೊನ ಮೇಲೆ ಬಿತ್ತು. ಅವನಿನ್ನೂ ಬೂಟು ಬಿಚ್ಚಿರಲಿಲ್ಲ.

"ನಂದೇನೂ ಬೇಡ, ನಾನು ಮುಂದಿನೂರಿಗೆ ಹೋಗ್ತೀನಿ."

"ಬಿಚ್ಚು," ಎಂದರು ನಲವತ್ತೆಂಟು ಜನ.

ಬಿಚ್ಚಿದ. ಕೂತಿದ್ದವರೆಲ್ಲ ಕತ್ತು ಚಾಚಿದರು. ಆ ಕಾಲುಗಳಲ್ಲಿ ಒಂದು ಗುಳ್ಳೆಯಿಲ್ಲ, ಒಂದು ಗೀರಿಲ್ಲ. ಗುಲಾಬಿ ಬಣ್ಣದ, ಮೆತ್ತಗಿನ, ಆಗತಾನೆ ಹುಟ್ಟಿದ ಕಾಲುಗಳು.

"ಈ ಥರದ ಕಾಲು ನಾನು ಹೆರಿಗೆ ಕೋಣೇಲಿ ಮಾತ್ರ ನೋಡಿದೀನಿ," ಎಂದಳು ಒಬ್ದುಲಿಯಾ.

"ಇವನು ಬುರ್ಗೋಸಿಂದ ನಡೆದು ಬಂದನಂತೆ," ಎಂದು ಫುಯೆನ್ಸಾಂತಾ ನಕ್ಕಳು. "ರೆಕ್ಕೆ ಎಲ್ಲಿ ಇಟ್ಟಿದೀಯಣ್ಣಾ?"

ಅಮಾನ್ಸಿಯೊ ಅವರಿಗೆ ಜೀವ ಬಂತು. "ಮೋಸ. ಶುದ್ಧ ಮೋಸ. ಇವನು ವಾಹನದಲ್ಲಿ ಬಂದವನು. ಪಾಪ ಆ ಹೆಂಗಸನ್ನ ನಡೆಸಿ ತಾನು ಬಸ್ಸಲ್ಲಿ ಕೂತಿದಾನೆ. ಹೇಳಪ್ಪಾ, ಯಾವ ಬಸ್ಸು?"

ಸಾತುರ್ನಿನೊ ಬೂಟಿಗೆ ಕೈ ಹಾಕಿದ. ನಗು ಅಂಗಳದ ಈ ತುದಿಯಿಂದ ಆ ತುದಿಗೆ ಓಡಿತು. ಅದು ಇನ್ನೂ ಓಡುತ್ತಿರುವಾಗಲೇ ಕಸಿಲ್ದಾ ಬರಿಗಾಲಲ್ಲಿ ಎದ್ದು ನಿಂತಳು.

"ಯಾರು ನಕ್ಕಿದ್ದು?"

ಮೆತ್ತಗೆ ಹೇಳಿದಳು. ನಗು ನಿಂತಿತು.

"ಇವನು ಒಂದೊಂದು ಹೆಜ್ಜೇನೂ ನಡೆದಿದಾನೆ. ನಾನೂರು ಕಿಲೋಮೀಟರೂ ಇವನ ಮಾತು ಕೇಳಿಸಿಕೊಂಡು ಬಂದವಳು ನಾನು, ನನಗೆ ಗೊತ್ತಿಲ್ವಾ? ಆ ಕಾಲು ನೋಡಿ ನಗ್ತೀರಲ್ಲ, ಅದು ನನ್ನ ಕೆಲಸ. ದಿನಾ ಬೆಳಿಗ್ಗೆ ಬೆರಳ ಸಂದಿಗೆಲ್ಲ ವ್ಯಾಸಲೀನು ಹಚ್ಚಿ, ತೆಳು ಕಾಲ್ಚೀಲ ಒಳಗೆ ತಿರುವಿ ಹಾಕಿ, ಅದರ ಮೇಲೆ ದಪ್ಪದ್ದು ಹಾಕಿ, ಎರಡು ಗಂಟೆಗೊಂದು ಸಲ ಬಿಚ್ಚಿಸಿ ಗಾಳಿಗೆ ಒಡ್ಡಿ, ಮಗು ಸಾಕಿದ ಹಾಗೆ ಸಾಕಿದೀನಿ. ಬುರ್ಗೋಸಿಂದ ಇಲ್ಲೀವರೆಗೆ ಒಂದು ಗುಳ್ಳೆ ಏಳೋಕೆ ಬಿಟ್ಟಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಇಂಥ ಕಾಲು ಇದ್ರೆ ತೋರಿಸಿ, ನಾನೂ ನಗ್ತೀನಿ."

ಯಾರೂ ತೋರಿಸಲಿಲ್ಲ. ಒಬ್ದುಲಿಯಾ ಸಾತುರ್ನಿನೊನ ಪಾದವನ್ನು ಇನ್ನೊಂದು ಸಲ ಎತ್ತಿ, ಈ ಸಲ ಬೇರೆಯೇ ಮರ್ಯಾದೆಯಿಂದ, ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಮತ್ತೆ ನಿನ್ನ ಕಾಲಿಗೆ?" ಎಂದಳು.

"ನಂದಕ್ಕೆ ಕೂರೋ ಅಷ್ಟರಲ್ಲಿ ಇವನು ಸಾಲು ಹಿಡೀಬೇಕು ಅಂತ ಓಡಿರ್ತಿದ್ದ. ನಾನೂ ಹಿಂದೆ ಓಡ್ಬೇಕಲ್ಲ."

ಫುಯೆನ್ಸಾಂತಾ ಮೆಲ್ಲಗೆ ಹತ್ತಿರ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಅಕ್ಕಾ, ತೆಳು ಕಾಲ್ಚೀಲ ತಿರುವಿ ಹಾಕೋದು ಯಾಕೆ?"

"ಹೊಲಿಗೆ ಆಚೆ ಬರಲಿ ಅಂತ ಕಣಮ್ಮ. ಹೊಲಿಗೆ ಬೆರಳಿಗೆ ತಾಗಿದ್ರೆ ಸಂಜೆಗೆ ಗುಳ್ಳೆ. ಎಲ್ಲಿ, ನಿನ್ನ ಕಾಲು ಕೊಡು. ಅಯ್ಯೋ, ಇದನ್ನ ಯಾರು ಹೀಗೆ ಬಿಗಿದಿದ್ದು?"

ಒಬ್ದುಲಿಯಾ ಮೊದಲು ಕಸಿಲ್ದಾಳನ್ನು ಕೂರಿಸಿ ಅವಳ ಎರಡೂ ಕಾಲು ತೊಳೆದು ಪಟ್ಟಿ ಕಟ್ಟಿದಳು. ಅದು ಮುಗಿಯುವವರೆಗೂ ಕಸಿಲ್ದಾ ಸುಮ್ಮನಿರಲಿಲ್ಲ, ಫುಯೆನ್ಸಾಂತಾಳ ಪಾದ ಮಡಿಲಲ್ಲಿಟ್ಟುಕೊಂಡು ಪಾಠ ಹೇಳುತ್ತಿದ್ದಳು. ಸೆಲ್ಸೊ ಬೋಗುಣಿ ತಂದ, ಬಿಸಿನೀರು ತಂದ, ಸಾತುರ್ನಿನೊ ಬೋಗುಣಿ ಹಿಡಿದ. ಜರ್ಮನಿಯವನು ಮಂಚದಿಂದ ಇಳಿದು ಬಂದು ತನ್ನ ಕಪ್ಪು ಉಗುರು ಮುಂದೊಡ್ಡಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತಿಬ್ಬರು. ಯಾರೂ ಚೀಲ ಇಡಲಿಲ್ಲ, ತಾವೇ ನಿಂತರು. ಬೆಲೆಚೀಟಿ ಕಿತ್ತು ಬಿಸಾಕಿ ದೋನ್ ಅಮಾನ್ಸಿಯೊ ಅವರೂ ನಿಂತರು. ಹೊಸ ಬೂಟು ಅವರನ್ನೂ ಬಿಟ್ಟಿರಲಿಲ್ಲ.

ನಾಲ್ಕೂ ಹತ್ತಕ್ಕೆ ಬಸ್ಸು ಬಂತು. ಸೆಲ್ಸೊ ಕೈ ಅಡ್ಡ ಹಿಡಿದ. ಬಸ್ಸು ನಿಂತಿತು, ಚಾಲಕ ಹಾರನ್ನು ಒತ್ತಿದ.

"ಅಕ್ಕಾ, ಲೂಗೊ ಬಸ್ಸು."

ಸಾತುರ್ನಿನೊ ಬೋಗುಣಿ ಹಿಡಿದುಕೊಂಡೇ ಎದ್ದು ನಿಂತ. ಕಸಿಲ್ದಾ ತಲೆ ಎತ್ತಲಿಲ್ಲ.

"ಕಳಿಸಪ್ಪಾ ಅವನನ್ನ. ಇನ್ನೂ ಹನ್ನೊಂದು ಕಾಲು ಬಾಕಿ ಇವೆ. ನಾಳೆ ಇಲ್ಲೇ ಇದ್ದು, ನಾಡಿದ್ದು ನಡೀತೀನಿ. ದೋನ್ಯಾ ಎರಡು ದಿನ ಮಲಗು ಅಂದಿದಾರೆ."

ಬಸ್ಸು ಹೋಯಿತು. ಸಾತುರ್ನಿನೊ ಬೋಗುಣಿ ಕೆಳಗಿಟ್ಟು, ತನ್ನ ಚೀಲ ಹುಡುಕಿ ಬೆನ್ನಿಗೇರಿಸಿದ. ಒಬ್ದುಲಿಯಾಳ ತೀರ್ಪಿನ ಪ್ರಕಾರ ಅವನಿಗೆ ಮುಂದಿನೂರು. ಅವನು ಅಂಗಳ ದಾಟಿ ರಸ್ತೆ ಮುಟ್ಟುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಸಾತುರ್. ಎಲ್ಲಿಗೆ ಹೋಗ್ತೀಯ ಹಾಗೇ? ಬಾ ಇಲ್ಲಿ. ಕೂತ್ಕೊ, ಬೂಟು ಬಿಚ್ಚು."

ಅವನು ಬಂದು, ಎಲ್ಲರ ಮುಂದೆ, ಸ್ಟೂಲಿನ ಮೇಲೆ ಕೂತ. ಕಸಿಲ್ದಾ ವ್ಯಾಸಲೀನು ಡಬ್ಬಿ ತೆರೆದಳು. ಮೂರು ಗಂಟೆಯಿಂದ ಬರಿಗಾಲಲ್ಲಿ ಕಾಯುತ್ತಿದ್ದ ದೋನ್ ಅಮಾನ್ಸಿಯೊ ಅವರು ಊರುಗೋಲಿನಿಂದ ನೆಲ ಕುಟ್ಟಿದರು.

"ತಾಯೀ, ಇಲ್ಲಿ ಸಾಲು ಅಂತ ಒಂದಿದೆ."

ಕಸಿಲ್ದಾ ಗಂಡನ ಕಿರುಬೆರಳಿನ ಸಂದಿಗೆ ವ್ಯಾಸಲೀನು ಹಚ್ಚುತ್ತ ಹೇಳಿದಳು: "ಸಾಲು ನಿಮ್ಮದು ಸ್ವಾಮಿ. ಕಾಲು ನನ್ನದು."